ಮೋಟಾರು ಕಾರಿನ ಅಂಕಿಫಲಕವೂ ಅದರ ತಂತಿಗಳೂ

ಮೈಸೂರಿನ ಸಿದ್ಧಾರ್ಥನಗರದಲ್ಲಿ ನಿಂತು ದಕ್ಷಿಣಕ್ಕೆ ಕಣ್ಣು ಹಾಯಿಸಿದರೆ ಚಾಮುಂಡಿ ಬೆಟ್ಟವು ಕಾಣುತ್ತದೆ. ಅದರ ನೆತ್ತಿಯು ಊರಿಗಿಂತ ಸುಮಾರು 300 ಮೀಟರ್ ಎತ್ತರದಲ್ಲಿದೆ. ಹಳೆಯ ಕಾರೊಂದನ್ನು ಒರೆಗೆ ಹಚ್ಚಬೇಕೆನ್ನುವವರಿಗೆ ಈ ಏರುದಾರಿಯೇ ಸಾಕು. ಬೇಸಗೆಯ ಮಧ್ಯಾಹ್ನ ಕೆಳಗಿನ ಗೇರಿನಲ್ಲಿ ಬೆಟ್ಟವೇರುವ ಗಾಡಿಯ ಎಂಜಿನ್ ಹೆಚ್ಚು ಶಾಖವನ್ನು ಹೊರಗೆಡಹುತ್ತದೆ; ವೇಗವು ತಗ್ಗಿರುವುದರಿಂದ ರೇಡಿಯೇಟರಿಗೆ ಬೀಸುವ ಗಾಳಿಯಾದರೋ ಕಡಮೆ. ಅಂಥ ಹೊತ್ತಿನಲ್ಲಿ ಚಾಲಕನು ನೆಚ್ಚಬೇಕಾದುದು ಎದುರಿನ ಫಲಕದ ಮೇಲಿನ ಒಂದು ಅಂಕಿಯನ್ನು. ಆ ಅಂಕಿಯು 80 ಡಿಗ್ರಿ ಎಂದು ತೋರಿಸುತ್ತಿರುವಾಗ ಎಂಜಿನ್ನಿನ ನೀರು ನಿಜವಾಗಿ 100 ಡಿಗ್ರಿಯನ್ನು ಮುಟ್ಟಿರಬಹುದೆಂದರೆ ವಾಚಕರಿಗೆ ಆಶ್ಚರ್ಯವಾದೀತು. ಇದು ಹೇಗೆ ಸಾಧ್ಯವೆಂಬುದನ್ನು ವಿಚಾರಿಸೋಣ.

ಉತ್ತರಪಾರಾದ ಕಾರ್ಖಾನೆಯಲ್ಲಿ 2014ರವರೆಗೆ ತಯಾರಾದ ಅಂಬಾಸಿಡರಿನಂಥ ಗಾಡಿಗಳನ್ನು ಅಕ್ಕರೆಯಿಂದ ಉಳಿಸಿಕೊಂಡವರಲ್ಲಿ ಕೆಲವರು ಮುಳ್ಳಿನ ಮಾಪಕಗಳನ್ನು ತೆಗೆದು, ಅವುಗಳ ಸ್ಥಾನದಲ್ಲಿ ಅಂಕಿಗಳನ್ನು ಬೆಳಗಿಸುವ ಡಿಜಿಟಲ್ ಫಲಕವನ್ನು ಕೂರಿಸಲು ಬಯಸುತ್ತಾರೆ. ಫಲಕವನ್ನು ಕೊಂಡು ತರುವುದು ಸುಲಭ. ಕಷ್ಟವೆಲ್ಲ ಇರುವುದು ತಂತಿಗಳಲ್ಲಿ.

ಮೊದಲು ತಿಳಿಯಬೇಕಾದ ಸಂಗತಿಯೆಂದರೆ, ಫಲಕಕ್ಕೆ ಶಾಖವೂ ತಿಳಿಯದು, ಪೆಟ್ರೋಲೂ ತಿಳಿಯದು. ಅದು ಅಳೆಯಬಲ್ಲುದು ವೋಲ್ಟುಗಳನ್ನು ಮಾತ್ರ. ಬೆಳ್ಳಿಯ ಸಲ್ಫೈಡನ್ನು ಕಾಯಿಸಿದರೆ ಅದರ ವಿದ್ಯುದ್ರೋಧವು ಇಳಿಯುತ್ತದೆಂಬುದನ್ನು ಮೈಕೇಲ್ ಫ್ಯಾರಡೆ 1833ರಲ್ಲಿಯೇ ಕಂಡಿದ್ದನು. ಎಂಜಿನ್ನಿನ ನೀರಿಗೆ ಮೂತಿಯನ್ನಿಟ್ಟುಕೊಂಡಿರುವ ಥರ್ಮಿಸ್ಟರ್ ಎಂಬ ಸಂವೇದಕವು ಇದೇ ಗುಣವುಳ್ಳ ಬೇರೆ ವಸ್ತುಗಳಿಂದಾದುದು. ಬಳಕೆಯಲ್ಲಿರುವ ಒಂದು ಜಾತಿಯ ಸಂವೇದಕದ ರೋಧವು 20 ಡಿಗ್ರಿಯಲ್ಲಿ ಸುಮಾರು 2,500 ಓಮ್. 80 ಡಿಗ್ರಿಯಲ್ಲಿ ಸುಮಾರು 320. 100 ಡಿಗ್ರಿಯಲ್ಲಿ ಸುಮಾರು 190. ಫಲಕವು ತನ್ನೊಳಗಿನ 5 ವೋಲ್ಟನ್ನು 1,000 ಓಮಿನ ನಿಶ್ಚಿತ ರೋಧದ ಮೂಲಕ ಈ ಸಂವೇದಕಕ್ಕೆ ಹಾಯಿಸುತ್ತದೆಂದು ಭಾವಿಸೋಣ. ಆಗ ಸಂವೇದಕದ ತಲೆಯಲ್ಲಿ 80 ಡಿಗ್ರಿಗೆ 1.21 ವೋಲ್ಟೂ 100 ಡಿಗ್ರಿಗೆ 0.80 ವೋಲ್ಟೂ ನಿಲ್ಲುತ್ತದೆ. ಫಲಕವು ಈ ವೋಲ್ಟುಗಳನ್ನು ಎಣಿಸಿ, ತನ್ನಲ್ಲಿರುವ ಕೋಷ್ಟಕವನ್ನು ನೋಡಿ, ಅಂಕಿಯನ್ನು ಬರೆಯುತ್ತದೆ. ಬೇರೆ ಜಾತಿಯ ಸಂವೇದಕವನ್ನು ಜೋಡಿಸಿದರೆ ಕೋಷ್ಟಕವೂ ಬದಲಾಗಬೇಕು. ಹಳೆಯ ಸಂವೇದಕವೊಂದನ್ನೇ ಹಳೆಯ ಮುಳ್ಳಿಗೂ ಹೊಸ ಫಲಕಕ್ಕೂ ಹಂಚಿದರಂತೂ ಎರಡೂ ಕೆಡುತ್ತವೆ.

ಇನ್ನು ತೊಡಕಿನ ವಿಷಯ. ಒಂದೇ ತಂತಿಯ ಸಂವೇದಕದಿಂದ ವಿದ್ಯುತ್ತು ಹಿಂದಿರುಗುವ ದಾರಿ ಎಂಜಿನ್ನಿನ ಲೋಹ, ಅಲ್ಲಿಂದ ಗಾಡಿಯ ಮೈ. ಈ ದಾರಿಯಲ್ಲಿ ಎಲ್ಲಿಯಾದರೂ ತುಕ್ಕು ಹಿಡಿದು 130 ಓಮಿನಷ್ಟು ಹೆಚ್ಚಿನ ರೋಧವು ಸೇರಿತೆನ್ನಿ. ನೀರು 100 ಡಿಗ್ರಿಯಲ್ಲಿದೆ, ಸಂವೇದಕವು ಪ್ರಾಮಾಣಿಕವಾಗಿ 190 ಓಮ್ ಆಗಿದೆ. ಆದರೆ ಫಲಕಕ್ಕೆ ಕಾಣುವುದು 320. ಅದು ನಿಶ್ಚಿಂತೆಯಿಂದ 80 ಎಂದು ಬರೆಯುತ್ತದೆ. ತುಕ್ಕು ಯಾವಾಗಲೂ ಎಂಜಿನ್ ತಂಪಾಗಿದೆಯೆಂದೇ ಹೇಳುತ್ತದೆ, ಬಿಸಿಯಾಗಿದೆಯೆಂದು ಎಂದಿಗೂ ಹೇಳದು. ಸಂವೇದಕದ ತಿರುಪಿಗೆ ನೀರು ಸೋರದಿರಲೆಂದು ಟೆಫ್ಲಾನ್ ಪಟ್ಟಿಯನ್ನು ದಪ್ಪಗೆ ಸುತ್ತುವ ಮೇಸ್ತ್ರಿಗಳೂ ತಿಳಿಯದೆ ಇದೇ ತಪ್ಪನ್ನು ಮಾಡುತ್ತಾರೆ.

ಪೆಟ್ರೋಲು ತೊಟ್ಟಿಯ ತೇಲುಬುರುಡೆಯ ವಿಷಯದಲ್ಲಿ ಸಂಗತಿ ಇನ್ನೂ ವಿಚಿತ್ರ. ಅಮೆರಿಕದ ಒಂದು ಪದ್ಧತಿಯಲ್ಲಿ ಬರಿದಾದ ತೊಟ್ಟಿಗೆ 240 ಓಮ್, ತುಂಬಿದ ತೊಟ್ಟಿಗೆ 33 ಓಮ್. ಯೂರೋಪಿನ ಒಂದು ಪದ್ಧತಿಯಲ್ಲಿ ಇದು ತಲೆಕೆಳಗು: ಬರಿದಾದಾಗ ಸುಮಾರು 10, ತುಂಬಿದಾಗ ಸುಮಾರು 180. ಆದುದರಿಂದ ಕೆಟ್ಟ ಸಂಪರ್ಕವು ಮೊದಲನೆಯ ಪದ್ಧತಿಯಲ್ಲಿ ಪೆಟ್ರೋಲನ್ನು ಕಡಮೆಯಾಗಿ ತೋರಿಸಿ ಬಂಕಿಗೆ ಬೇಗ ಕಳುಹಿಸುತ್ತದೆ. ಎರಡನೆಯದರಲ್ಲಿ ಹೆಚ್ಚಾಗಿ ತೋರಿಸಿ ನಡುದಾರಿಯಲ್ಲಿ ನಿಲ್ಲಿಸುತ್ತದೆ. ಹಳೆಯ ಮುಳ್ಳು ಕಾದ ಲೋಹಪಟ್ಟಿಯ ಬಾಗುವಿಕೆಯಿಂದ ಮೆಲ್ಲನೆ ಚಲಿಸುತ್ತಿದ್ದುದರಿಂದ ಪೆಟ್ರೋಲಿನ ತುಳುಕಾಟವು ಕಣ್ಣಿಗೆ ಬೀಳುತ್ತಿರಲಿಲ್ಲ. ಅಂಕಿಯು ಚುರುಕು, ಅದಕ್ಕೆ ಹಲವು ಅಳತೆಗಳ ಸರಾಸರಿಯನ್ನು ತೆಗೆಯಲು ಕಲಿಸದಿದ್ದರೆ ಪ್ರತಿ ತಿರುವಿನಲ್ಲೂ ಕುಣಿಯುತ್ತದೆ.

ತುಕ್ಕೇ ಇಲ್ಲದಿದ್ದರೂ ಮೋಸವು ನಡೆಯಬಹುದು. ರೇಡಿಯೇಟರಿನ ವಿದ್ಯುತ್ ಬೀಸಣಿಗೆಯು 10 ಆಂಪಿಯರ್ ಪ್ರವಾಹವನ್ನು ಎಳೆಯುತ್ತದೆಯೆಂದೂ ಅದರ ಮರುದಾರಿಯು ಸಂವೇದಕದ ಮರುದಾರಿಯೂ ಹೌದೆಂದೂ ಇಟ್ಟುಕೊಳ್ಳೋಣ. ಆ ದಾರಿಯ ರೋಧವು ಓಮಿನ ಐವತ್ತರಲ್ಲೊಂದು ಪಾಲು ಮಾತ್ರವೇ ಆಗಿರಲಿ, 0.2 ವೋಲ್ಟು ಅಲ್ಲಿ ಎದ್ದು ನಿಲ್ಲುತ್ತದೆ. ಫಲಕಕ್ಕೆ 0.80ರ ಬದಲು 0.97 ವೋಲ್ಟು ಕಂಡು, 100 ಡಿಗ್ರಿಯು ಸುಮಾರು 90 ಆಗುತ್ತದೆ. ಬೀಸಣಿಗೆ ತಿರುಗಿದ ಕ್ಷಣದಲ್ಲೇ ಹತ್ತು ಡಿಗ್ರಿ ಇಳಿಯಿತೆಂದು ಚಾಲಕನು ಹಿಗ್ಗುತ್ತಾನೆ. ನೀರು ಅಷ್ಟು ಬೇಗ ಆರಲಾರದೆಂಬುದು ಅಡುಗೆಯ ಮನೆಯಲ್ಲಿ ಎಲ್ಲರೂ ಕಂಡ ಮಾತೇ.

ಇದಕ್ಕೆ ಪರಿಹಾರವು ಕಠಿನವಲ್ಲ. ಎರಡು ತಂತಿಯ ಸಂವೇದಕವಾದರೆ ಅದರ ಮರುತಂತಿಯನ್ನು ಗಾಡಿಯ ಮೈಗೆ ತಾಗಿಸದೆ ನೇರವಾಗಿ ಫಲಕಕ್ಕೆ ಒಯ್ಯಬೇಕು. ಒಂದು ತಂತಿಯದಾದರೆ ಎಂಜಿನ್ನಿನ ಉಜ್ಜಿ ಬೆಳಗಿದ ಭಾಗದಿಂದ ಫಲಕದ ಭೂಸಂಪರ್ಕಕ್ಕೆ ಪ್ರತ್ಯೇಕ ತಂತಿಯನ್ನು ಎಳೆಯಬೇಕು; ಬೀಸಣಿಗೆಗೂ ದೀಪಗಳಿಗೂ ಅದರಲ್ಲಿ ಪಾಲಿರಕೂಡದು. ಫಲಕದ ಧನತಂತಿಗೆ ಸಣ್ಣ ಫ್ಯೂಸು ಅವಶ್ಯ. ಹಳೆಯ ಬ್ರಿಟಿಷ್ ಗಾಡಿಗಳಲ್ಲಿ ಬ್ಯಾಟರಿಯ ಧನಾಗ್ರವನ್ನೇ ಮೈಗೆ ಜೋಡಿಸುವ ರೂಢಿಯಿತ್ತಾದುದರಿಂದ, ಮೊದಲು ಅದನ್ನು ನೋಡಿಕೊಳ್ಳದೆ ಫಲಕವನ್ನು ಜೋಡಿಸಿದರೆ ಅದು ಸುಟ್ಟೀತು.

ಸುತ್ತುಗಳ ಎಣಿಕೆಯು ಬೇರೆ ಬಗೆಯದು. ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್ ಒಂದು ಸುತ್ತಿಗೆ ಎರಡು ಕಿಡಿಗಳನ್ನು ಕೊಡುತ್ತದೆ; ನಿಮಿಷಕ್ಕೆ 3,000 ಸುತ್ತುಗಳೆಂದರೆ ಸೆಕೆಂಡಿಗೆ 100 ಕಿಡಿ. ಫಲಕವು ಇವನ್ನು ಎಣಿಸಿದರೆ ಸಾಕು. ಆದರೆ ಕಿಡಿಸುರುಳಿಯ ಪ್ರಾಥಮಿಕ ಸುತ್ತಿನಲ್ಲಿಯೇ ಕ್ಷಣಮಾತ್ರ ನೂರಾರು ವೋಲ್ಟುಗಳು ಚಿಮ್ಮುವುದರಿಂದ, ನಡುವೆ ತಕ್ಕ ರಕ್ಷಣಾಮಂಡಲವಿರಬೇಕು. ಸಂವೇದಕಗಳ ತಂತಿಗಳು ಕಿಡಿಯ ತಂತಿಗಳಿಂದ ದೂರ ಹಾಯಬೇಕು. ವೇಗವನ್ನು ಎಣಿಸಲು 1879ರಲ್ಲಿ ಎಡ್ವಿನ್ ಹಾಲ್ ಕಂಡುಹಿಡಿದ ಪರಿಣಾಮವನ್ನು ಅವಲಂಬಿಸಿದ ಸಂವೇದಕವು ತಿರುಗುವ ಅಯಸ್ಕಾಂತದ ಪಕ್ಕದಲ್ಲಿ ಕುಳಿತಿರುತ್ತದೆ.

ಜೋಡಣೆ ಮುಗಿದ ಮೇಲೆ ಬೆಟ್ಟಕ್ಕೆ ಹೊರಡುವ ಮೊದಲು ಒಂದು ಪರೀಕ್ಷೆಯಿದೆ. ಸಂವೇದಕವನ್ನು ಬಿಚ್ಚಿ, ಅದರ ಲೋಹದ ಮೈಯನ್ನು ತಂತಿಯಿಂದ ಎಂಜಿನ್ನಿಗೆ ಸೇರಿಸಿ, ಮೂತಿಯನ್ನು ಕುದಿಯುವ ನೀರಿನಲ್ಲಿ ಅದ್ದಬೇಕು. ಫಲಕವು 100 ತೋರಿಸಲಿಲ್ಲವೆಂದು ಮೈಸೂರಿನ ವಿದ್ಯಾರ್ಥಿಯು ಕಂಗೆಡಬೇಕಾಗಿಲ್ಲ. ಸಮುದ್ರಮಟ್ಟದಿಂದ 770 ಮೀಟರಿನಷ್ಟು ಎತ್ತರದ ಈ ಊರಿನಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿಯ ಸುಮಾರಿನಲ್ಲಿಯೇ ಕುದಿಯುತ್ತದೆ. ಬೆಟ್ಟದ ಮೇಲೆ ಇನ್ನೂ ಒಂದು ಡಿಗ್ರಿ ಕಡಮೆ. 97 ಬಂದರೆ ಸರಿ. ಬಳಿಕ ಸಂವೇದಕವನ್ನು ಅದರ ಸ್ಥಾನದಲ್ಲಿ ಬಿಗಿದು, ಎಂಜಿನ್ನನ್ನು ಕಾಯಿಸಿ, ದೀಪಗಳನ್ನೂ ಬೀಸಣಿಗೆಯನ್ನೂ ಒಂದೊಂದಾಗಿ ಹಾಕಿ ಆರಿಸುತ್ತ ಅಂಕಿಯನ್ನು ನೋಡುತ್ತಿರಬೇಕು. ಗುಂಡಿಯನ್ನು ಒತ್ತಿದೊಡನೆ ಅಂಕಿಯು ಜಿಗಿದರೆ, ಹುಡುಕಬೇಕಾದುದು ರೇಡಿಯೇಟರಿನಲ್ಲಲ್ಲ, ಮರುತಂತಿಯಲ್ಲಿ.