ಮಾಸಾಶನದಿಂದ ಪಗಾರದ ಕಡೆಗೆ

ಸಿಂಧನೂರು, ಮಸ್ಕಿ, ಲಿಂಗಸುಗೂರು ಒಂದೇ ರಸ್ತೆಯ ಮೇಲೆ ಸಾಲಾಗಿ ಕೂತ ಊರುಗಳು. ಜೇವರ್ಗಿಯಿಂದ ಚಾಮರಾಜನಗರಕ್ಕೆ ಹೋಗುವ 150ಎ ಹೆದ್ದಾರಿ ಮೂರನ್ನೂ ಪೋಣಿಸಿಕೊಂಡು ಸಾಗುತ್ತದೆ. ಮಸ್ಕಿ ಹತ್ತಿರದ ಹಳ್ಳಿಯೊಂದರಿಂದ ಕ್ಯಾಲಿಪರ್ ಕಟ್ಟಿಕೊಂಡು ಡಿಗ್ರಿ ಕಾಲೇಜಿಗೆ ಹೋಗುವ ಹುಡುಗಿಗೆ ಇದೇ ರಸ್ತೆ ಕಾಗದಗಳ ರಸ್ತೆಯೂ ಹೌದು. ತರಗತಿ ಸಿಂಧನೂರಿನಲ್ಲಿ. ಈ ಭಾಗದವರ ಮೀಸಲಾತಿಗೆ ಬೇಕಾದ 371ಜೆ ಪ್ರಮಾಣಪತ್ರಕ್ಕೆ ಲಿಂಗಸುಗೂರಿನ ಸಹಾಯಕ ಆಯುಕ್ತರ ಕಚೇರಿ. ಅಂಗವೈಕಲ್ಯದ ಪ್ರಮಾಣಪತ್ರ ತಾಲ್ಲೂಕು ಆಸ್ಪತ್ರೆಯಲ್ಲೇ ಆದರೆ ಪುಣ್ಯ. ಕಿವಿ, ನರ, ಬುದ್ಧಿಗೆ ಸಂಬಂಧಿಸಿದ್ದಾದರೆ ತಜ್ಞರನ್ನೂ ಯಂತ್ರಗಳನ್ನೂ ಹುಡುಕಿಕೊಂಡು ರಾಯಚೂರಿಗೇ ಹೋಗಬೇಕು. ಬಸ್ಸಿನ ಮೊದಲ ಮೆಟ್ಟಿಲು ನೆಲದಿಂದ ಎಷ್ಟು ಎತ್ತರ ಎನ್ನುವುದನ್ನು ಆ ಹುಡುಗಿಯಷ್ಟು ಸರಿಯಾಗಿ ಬಲ್ಲವರು ಆ ಬಸ್ಸಿನಲ್ಲಿ ಬೇರೆ ಯಾರೂ ಇರುವುದಿಲ್ಲ.

ಆದರೂ ಅವಳು ಹತ್ತುತ್ತಾಳೆ. ನಲವತ್ತು ವರ್ಷಗಳ ಹಿಂದೆ ಹತ್ತಿ ಹೋಗಲು ಅವಳಿಗೊಂದು ಊರು ಇರಲಿಲ್ಲ. ಈಗ ಇದೆ. ಅದು ಒಂದು ದಿನದಲ್ಲಿ ಆದದ್ದಲ್ಲ, ಒಬ್ಬರಿಂದ ಆದದ್ದೂ ಅಲ್ಲ.

ಮೊದಲು ಇದ್ದ ದಾರಿ ಒಂದೇ. ಅದು ಪಡುವಣಕ್ಕೆ, ಗದಗಕ್ಕೆ ಹೋಗುತ್ತಿತ್ತು, ಅದೂ ಕಣ್ಣು ಕಾಣದವರಿಗೆ ಮಾತ್ರ. ಪಂಚಾಕ್ಷರಿ ಗವಾಯಿಗಳು ಸ್ವತಃ ಅಂಧರು. ಹಾನಗಲ್ಲ ಕುಮಾರ ಸ್ವಾಮಿಗಳ ಆಸರೆಯಲ್ಲಿ ಸಂಗೀತ ಕಲಿತು, ಕಲಿತದ್ದನ್ನು ತಮ್ಮಂಥ ಮಕ್ಕಳಿಗೆ ಹಂಚಿದರು. 1944ರಲ್ಲಿ ಅವರು ತೀರಿಕೊಂಡ ಮೇಲೆ ಶಿಷ್ಯ ಪುಟ್ಟರಾಜ ಗವಾಯಿಗಳು, ಅವರೂ ಅಂಧರೇ, 2010ರಲ್ಲಿ ತಾವು ಕಣ್ಮುಚ್ಚುವ ತನಕ ಗದಗದ ವೀರೇಶ್ವರ ಪುಣ್ಯಾಶ್ರಮವನ್ನು ನಡೆಸಿದರು. ಹೈದರಾಬಾದ್ ಕರ್ನಾಟಕದ ಹಳ್ಳಿಗಳಲ್ಲಿ ಕಣ್ಣು ಕಾಣದ ಮಗು ಹುಟ್ಟಿದರೆ ಹಿರಿಯರ ಬಾಯಲ್ಲಿ ಬರುತ್ತಿದ್ದ ಮೊದಲ ಮಾತು ‘ಗದಗಕ್ಕೆ ಕಳಿಸ್ರಿ’. ಅಲ್ಲಿ ಅನ್ನ, ವಿದ್ಯೆ, ಆಮೇಲೆ ಹಾರ್ಮೋನಿಯಂ, ತಬಲ, ಪಿಟೀಲು ಹಿಡಿದು ಬದುಕುವ ಕಸುಬು. ನನ್ನ ಮಟ್ಟಿಗೆ ಈ ಸೀಮೆಯ ಅಂಗವಿಕಲರ ಮೊದಲ ವೃತ್ತಿ ಮಾರ್ಗದರ್ಶನ ಕೇಂದ್ರ ಆ ಆಶ್ರಮವೇ. ಅದಕ್ಕೆ ಆ ಹೆಸರಿರಲಿಲ್ಲ, ಅಷ್ಟೇ. ಹಾಡಲು ಮನಸ್ಸಿಲ್ಲದ, ಲೆಕ್ಕ ಕಲಿಯಬೇಕೆನ್ನುವ ಕುರುಡು ಹುಡುಗನಿಗೆ ಮಾತ್ರ ಆ ದಾರಿ ಒಗ್ಗುತ್ತಿರಲಿಲ್ಲ.

ಕಿವಿ ಕೇಳದವರಿಗೂ ಕಣ್ಣು ಕಾಣದವರಿಗೂ ಮೈಸೂರಿನಲ್ಲಿ 1901ರಲ್ಲೇ ಶಾಲೆ ಶುರುವಾಗಿತ್ತು. ಆದರೆ ಅದು ಬೇರೆ ರಾಜ್ಯ. ರಾಯಚೂರು ಜಿಲ್ಲೆ 1956ರ ನವೆಂಬರ್ 1ರವರೆಗೆ ಹೈದರಾಬಾದಿಗೆ ಸೇರಿತ್ತು. ಅಂಗವಿಕಲರಿಗೆ ಕೆಲಸ ಹುಡುಕಿಕೊಡುವ ಕೇಂದ್ರ ಸರ್ಕಾರದ ಪುನರ್ವಸತಿ ಕೇಂದ್ರ 1968ರಲ್ಲಿ ಹೈದರಾಬಾದಿನಲ್ಲಿ ತೆರೆಯುವ ಹೊತ್ತಿಗೆ ನಾವು ಆ ಊರಿನ ಕಡೆ ನೋಡುವುದನ್ನು ಬಿಟ್ಟಿದ್ದೆವು. ಬೆಂಗಳೂರಿನ ಕಡೆ ನೋಡಿದರೆ ಅದು ಒಂದು ರಾತ್ರಿಯ ಪ್ರಯಾಣದಾಚೆ ಇತ್ತು.

ಪೋಲಿಯೊ ಹೊಡೆದ ಮಕ್ಕಳಿಗೆ ಗದಗವೂ ಇರಲಿಲ್ಲ. ಈ ಸೀಮೆಯಲ್ಲಿ ಮೈಯೇ ಬಂಡವಾಳ. ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಸಿಂಧನೂರು ಭತ್ತದ ನಾಡಾಯಿತು. ನಾಟಿಗೂ ರೈಸ್ ಮಿಲ್ಲಿನ ಹಮಾಲಿಗೂ ಬೇಕಾದದ್ದು ಬಗ್ಗುವ ಬೆನ್ನು, ಊರುವ ಕಾಲು. ಕಾಲುವೆ ತಲುಪದ ಲಿಂಗಸುಗೂರು, ಮಸ್ಕಿ ಕಡೆಯ ಒಣ ಹಳ್ಳಿಗಳಿಂದ ಜನ ಗುಳೆ ಹೋದರು. ಅಪ್ಪ ಅವ್ವ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋದಾಗ ನಡೆಯಲಾರದ ಮಗು ಎಷ್ಟೋ ಮನೆಗಳಲ್ಲಿ ಅಜ್ಜಿಯ ಹತ್ತಿರ ಊರಲ್ಲೇ ಉಳಿಯಿತು. ಉಳಿದದ್ದರಿಂದಲೇ ಶಾಲೆ ತಪ್ಪಲಿಲ್ಲ. ಗುಳೆ ಹೋದ ಅಣ್ಣ ಐದನೆಯ ಇಯತ್ತೆಗೆ ನಿಂತ, ಮನೆಯಲ್ಲುಳಿದ ತಂಗಿ ಎಸ್ಸೆಸ್ಸೆಲ್ಸಿ ಮುಟ್ಟಿದಳು ಎನ್ನುವ ಮನೆಗಳನ್ನು ನಾನು ಕಂಡಿದ್ದೇನೆ. ಕಾಲೇಜಿನ ಬಾಗಿಲಿಗೆ ಮೊದಲು ಬಂದ ಅಂಗವಿಕಲರಲ್ಲಿ ಇಂಥವರೇ ಬಹಳ.

ಓದು ಮುಗಿದ ಮೇಲೆ ಎಲ್ಲಿಗೆ? ಎಂಬತ್ತು, ತೊಂಬತ್ತರ ದಶಕದಲ್ಲಿ ಉತ್ತರ ಒಂದು ಹಳದಿ ಪೆಟ್ಟಿಗೆಯಾಗಿತ್ತು. ಎಸ್‌ಟಿಡಿ ಬೂತಿನ ಹಂಚಿಕೆಯಲ್ಲಿ ಅಂಗವಿಕಲರಿಗೆ ಆದ್ಯತೆ ಇತ್ತು. ಬಸ್ ನಿಲ್ದಾಣದ ಎದುರು ಗಾಜಿನ ಗೂಡಿನಲ್ಲಿ, ಪಕ್ಕಕ್ಕೆ ಊರುಗೋಲು ಒರಗಿಸಿಕೊಂಡು ರಸೀದಿ ಹರಿದುಕೊಡುತ್ತಿದ್ದ ಬಿ.ಎ. ಪದವೀಧರರು ನಮ್ಮ ವಯಸ್ಸಿನವರ ನೆನಪಿನಲ್ಲಿ ಇನ್ನೂ ಇದ್ದಾರೆ. ಮೊಬೈಲ್ ಬಂತು. ನಾಲ್ಕೈದು ವರ್ಷಗಳಲ್ಲಿ ಆ ಗೂಡುಗಳೆಲ್ಲ ಖಾಲಿಯಾದವು. ಒಂದೇ ಕಸುಬಿಗೆ ಒಂದು ಸಮುದಾಯವನ್ನು ಕಟ್ಟಿಹಾಕಿದರೆ ಏನಾಗುತ್ತದೆ ಎಂದು ಆಗಲೇ ಯಾರಾದರೂ ಕೇಳಬೇಕಿತ್ತು.

ಈ ನಡುವೆ ಕಾನೂನು ತನ್ನ ಹಾದಿಯಲ್ಲಿ ಸಾಗಿತ್ತು. ಕೇಂದ್ರದ ಕೆಳದರ್ಜೆ ಹುದ್ದೆಗಳಲ್ಲಿ ಶೇ 3ರ ಮೀಸಲಾತಿ 1977ರಲ್ಲಿ ಬಂತು. 1995ರ ಕಾಯ್ದೆ ಅದಕ್ಕೆ ಸಂಸತ್ತಿನ ಮುದ್ರೆ ಒತ್ತಿತು, ಏಳು ಬಗೆಯ ಅಂಗವೈಕಲ್ಯಗಳನ್ನು ಹೆಸರಿಸಿತು. ರಾಜ್ಯದಲ್ಲಿ ಅಂಗವಿಕಲರಿಗೆಂದೇ ಇಲಾಖೆ 1988ರಲ್ಲಿ ಆಗಿತ್ತು. ಎಲ್ಲ ಸರಿ. ಆದರೆ ಇವು ಗೆಜೆಟಿನಲ್ಲಿದ್ದವು. ಗೆಜೆಟನ್ನು ಹಳ್ಳಿಯ ಕಟ್ಟೆಯವರೆಗೆ ತರುವವರು ಬೇಕಿತ್ತು.

ತಂದವರು ಯಾರು ಎನ್ನುವುದೇ ಈ ಕಥೆಯ ನಡುಮಧ್ಯದ ಮಾತು. ನಮ್ಮ ಜಿಲ್ಲೆಯ ದೇವದುರ್ಗದಲ್ಲಿ ‘ಸಮೂಹ’ ಸಂಸ್ಥೆ, ಅಂಗವಿಕಲರನ್ನು ದೂರದ ಆಸ್ಪತ್ರೆಗೋ ಆಶ್ರಮಕ್ಕೋ ಕಳಿಸುವ ಬದಲು ಅವರ ಊರಲ್ಲೇ, ಅವರ ಮನೆಯವರ ಜೊತೆಯಲ್ಲೇ ಕೆಲಸ ಮಾಡುವ ಸಮುದಾಯ ಆಧಾರಿತ ಪುನರ್ವಸತಿಯನ್ನು ಮಾಡಿ ತೋರಿಸಿತು. 1999-2000ರ ಹೊತ್ತಿಗೆ ಕೇಂದ್ರ ಸರ್ಕಾರ ಅದೇ ವಿಚಾರವನ್ನು ರಾಷ್ಟ್ರೀಯ ಕಾರ್ಯಕ್ರಮವಾಗಿ ಹಿಡಿಯಿತು: ಪಂಚಾಯಿತಿ ಮಟ್ಟದಲ್ಲಿ ಕಾರ್ಯಕರ್ತರು, ತಾಲ್ಲೂಕು ಮಟ್ಟದಲ್ಲಿ ಅವರ ಮೇಲ್ವಿಚಾರಕರು. ಕೆಲ ವರ್ಷಗಳಲ್ಲಿ ಕೇಂದ್ರದ ಹಣ ನಿಂತಿತು. ಕರ್ನಾಟಕ ಮಾತ್ರ ಅದನ್ನು ಕೈಬಿಡದೆ, 2007-08ರಿಂದ ‘ಗ್ರಾಮೀಣ ಪುನರ್ವಸತಿ ಯೋಜನೆ’ ಎಂದು ತನ್ನದೇ ದುಡ್ಡಿನಲ್ಲಿ ಮುಂದುವರಿಸಿತು. ರಾಜ್ಯ ಮಾಡಿದ ಒಳ್ಳೆಯ ಕೆಲಸಗಳ ಪಟ್ಟಿಯಲ್ಲಿ ಇದರ ಹೆಸರು ಕೇಳಿಬರುವುದು ಕಡಿಮೆ, ಬರಬೇಕು.

ಹಾಗೆ ಬಂದವರೇ ವಿಆರ್‌ಡಬ್ಲ್ಯೂ, ಎಂಆರ್‌ಡಬ್ಲ್ಯೂಗಳು. ಪೂರ್ತಿ ಹೆಸರು ಗ್ರಾಮೀಣ ಪುನರ್ವಸತಿ ಕಾರ್ಯಕರ್ತ, ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತ. ಹಳ್ಳಿಯಲ್ಲಿ ಯಾರೂ ಅಷ್ಟುದ್ದ ಹೇಳುವುದಿಲ್ಲ. ಗ್ರಾಮ ಪಂಚಾಯಿತಿಗೆ ಒಬ್ಬ ವಿಆರ್‌ಡಬ್ಲ್ಯೂ, ತಾಲ್ಲೂಕು ಪಂಚಾಯಿತಿಯಲ್ಲಿ ಒಬ್ಬ ಎಂಆರ್‌ಡಬ್ಲ್ಯೂ, ಪಟ್ಟಣಕ್ಕೆ ಯುಆರ್‌ಡಬ್ಲ್ಯೂ. ಇದರ ಜೀವಾಳ ಇರುವುದು ನೇಮಕದ ಷರತ್ತಿನಲ್ಲಿ: ಕಾರ್ಯಕರ್ತರು ಸ್ವತಃ ಅಂಗವಿಕಲರಾಗಿರಬೇಕು, ಓದಿದವರಾಗಿರಬೇಕು. ಎಸ್ಸೆಸ್ಸೆಲ್ಸಿ, ಪಿಯುಸಿ, ಡಿಗ್ರಿ ಮುಗಿಸಿ ಮನೆಯಲ್ಲಿ ಕೂತಿದ್ದವರಿಗೆ ಸರ್ಕಾರಿ ಕಚೇರಿಯಲ್ಲಿ ಒಂದು ಕುರ್ಚಿ ಸಿಕ್ಕಿತು. ಆ ಕುರ್ಚಿಯಲ್ಲಿ ಕೂತು ಅವರು ಮಾಡಿದ ಕೆಲಸವೇನು? ಮನೆಮನೆಗೆ ಹೋಗಿ ಹೆಸರು ಬರೆದುಕೊಂಡರು, ಮಾಸಾಶನದ ಅರ್ಜಿ ತುಂಬಿದರು, ಗಾಲಿಕುರ್ಚಿ, ಶ್ರವಣಯಂತ್ರದ ಶಿಬಿರಕ್ಕೆ ಕರೆದೊಯ್ದರು. ಅದರ ಜೊತೆಗೆ, ಯಾವ ಆದೇಶದಲ್ಲೂ ಬರೆಯದ ಇನ್ನೊಂದು ಕೆಲಸ ತಾನಾಗಿ ಆಯಿತು. ‘ಈಕಿ ಕಾಲೇಜು ಕಲಿತು ಏನ್ ಮಾಡ್ತಾಳ್ರಿ’ ಎನ್ನುವ ಮನೆಯ ಪಡಸಾಲೆಗೆ ಡಿಗ್ರಿ ಮುಗಿಸಿದ ಇನ್ನೊಬ್ಬ ಅಂಗವಿಕಲ ಮಹಿಳೆ ಕೈಯಲ್ಲಿ ರಿಜಿಸ್ಟರ್ ಹಿಡಿದು ಬಂದು ಕೂತಾಗ ಆ ಪ್ರಶ್ನೆ ಅಲ್ಲೇ ಅರ್ಧ ಕರಗಿತು.

ಸಂಸತ್ತು 2016ರ ಡಿಸೆಂಬರಿನಲ್ಲಿ ಹೊಸ ಕಾಯ್ದೆ ಅಂಗೀಕರಿಸಿತು, 2017ರ ಏಪ್ರಿಲ್ 19ರಿಂದ ಅದು ಜಾರಿ. ಏಳು ಬಗೆ ಇಪ್ಪತ್ತೊಂದಾಯಿತು. ಕುಬ್ಜತೆ, ಥಲಸ್ಸೀಮಿಯಾ, ಕುಡಗೋಲು ಕಣ ರೋಗ, ಕಲಿಕಾ ನ್ಯೂನತೆ, ಆ್ಯಸಿಡ್ ದಾಳಿಗೆ ತುತ್ತಾದವರು, ಎಲ್ಲರೂ ಒಳಗೆ ಬಂದರು. ಸರ್ಕಾರಿ ಹಾಗೂ ಅನುದಾನಿತ ಕಾಲೇಜುಗಳಲ್ಲಿ ಕನಿಷ್ಠ ಶೇ 5ರಷ್ಟು ಸೀಟು, ವಯೋಮಿತಿಯಲ್ಲಿ ಐದು ವರ್ಷದ ಸಡಿಲಿಕೆ. ಈ ಐದು ವರ್ಷದ ಬೆಲೆ ಗೊತ್ತಿರುವುದು ಕಾಲಿನ ಆಪರೇಷನ್ನುಗಳಿಗೆ ಎರಡು ಮೂರು ಶಾಲಾವರ್ಷ ಕಳೆದುಕೊಂಡವರಿಗೆ. ಕೆಲಸದಲ್ಲಿ ಕಾಯ್ದೆ ಹೇಳಿದ್ದು ಶೇ 4. ಕರ್ನಾಟಕ ‘ಸಿ’ ಮತ್ತು ‘ಡಿ’ ಗುಂಪಿನ ಹುದ್ದೆಗಳಲ್ಲಿ ಶೇ 5 ಕೊಡುತ್ತದೆ.

ನಮ್ಮ ಮೂರು ತಾಲ್ಲೂಕಿನ ಮಕ್ಕಳಿಗೆ ಇದರ ಮೇಲೆ ಇನ್ನೊಂದು ಪದರವಿದೆ, ಬೆಂಗಳೂರಿನ ಮಕ್ಕಳಿಗೆ ಅದಿಲ್ಲ. 2012ರ ಸಂವಿಧಾನ ತಿದ್ದುಪಡಿಯಿಂದ ಬಂದ 371ಜೆ ಈ ಭಾಗದ ಸ್ಥಳೀಯ ವೃಂದದ ‘ಎ’ ಮತ್ತು ‘ಬಿ’ ಹುದ್ದೆಗಳಲ್ಲಿ ಶೇ 75, ‘ಸಿ’ಯಲ್ಲಿ ಶೇ 80, ‘ಡಿ’ಯಲ್ಲಿ ಶೇ 85ರಷ್ಟನ್ನು ಇಲ್ಲಿಯವರಿಗೇ ಇಟ್ಟಿದೆ. ಅಂಗವಿಕಲರ ಮೀಸಲಾತಿ ಸಮತಲ ಮೀಸಲಾತಿ, ಎಲ್ಲ ಜಾತಿ ವರ್ಗಗಳನ್ನೂ ಅಡ್ಡಲಾಗಿ ಹಾಯುತ್ತದೆ. ಹಾಗಾಗಿ ಮಸ್ಕಿಯ ಒಬ್ಬ ಪರಿಶಿಷ್ಟ ಪಂಗಡದ ಅಂಧ ಪದವೀಧರ ಮೂರು ಬಾಗಿಲುಗಳ ಮುಂದೆ ಒಟ್ಟಿಗೆ ನಿಂತಿರುತ್ತಾನೆ. ಮೂರಕ್ಕೂ ಮೂರು ಬೇರೆ ಕಾಗದ. ಒಂದರಲ್ಲಿ ಹೆಸರಿನ ಒಂದು ಅಕ್ಷರ ಬದಲಾದರೂ ದಾಖಲೆ ಪರಿಶೀಲನೆಯ ದಿನ ಎಲ್ಲವೂ ನಿಂತುಬಿಡುತ್ತದೆ. ‘ದೇವಾನಾಂಪ್ರಿಯ’ ಎಂದರೆ ಅಶೋಕನೇ ಎಂದು 1915ರಲ್ಲಿ ಜಗತ್ತಿಗೆ ಗೊತ್ತಾದದ್ದು ಮಸ್ಕಿಯ ಬಂಡೆಯ ಮೇಲೆ ಅವನ ಸ್ವಂತ ಹೆಸರು ಸಿಕ್ಕಿದ್ದರಿಂದ. ಅದೇ ಊರಿನ ಮಕ್ಕಳು ಆಧಾರ್, ಮಾರ್ಕ್ಸ್‌ಕಾರ್ಡ್, ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಮೂರರಲ್ಲೂ ಇರುವುದು ತಾವೇ ಎಂದು ಸಾಬೀತು ಮಾಡಲು ಕೆಲಸದ ದಿನಗಳನ್ನು ಕಳೆಯುತ್ತಿದ್ದಾರೆ. ಪಿಯುಸಿಗೆ ಸೇರುವಾಗಲೇ ಮೂರನ್ನೂ ಒಂದೇ ಕಾಗುಣಿತಕ್ಕೆ ತನ್ನಿ ಎಂದು ಕಾಲೇಜುಗಳು ಹೇಳಿದರೆ ಎಷ್ಟೋ ಕಣ್ಣೀರು ಉಳಿಯುತ್ತದೆ.

ಪರೀಕ್ಷೆಯದು ಬೇರೆಯೇ ಹೋರಾಟ. ಬರೆಯಲಾಗದವರ ಪರವಾಗಿ ಬರೆಯುವ ಸಹಾಯಕರ ವ್ಯವಸ್ಥೆ ಹಳೆಯದು, ಆದರೆ ಪ್ರತಿ ಮಂಡಳಿಯೂ ತನಗೆ ತೋಚಿದಂತೆ ನಡೆಸುತ್ತಿತ್ತು. ಕೇಂದ್ರ 2013ರಲ್ಲಿ ಮಾರ್ಗಸೂಚಿ ತಂದಿತು, 2018ರಲ್ಲಿ ತಿದ್ದಿತು: ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ. ಅಭ್ಯರ್ಥಿಯೇ ಬರಹಗಾರರನ್ನು ಕರೆತಂದರೆ ಅವರ ಓದು ಅಭ್ಯರ್ಥಿಯ ಓದಿಗಿಂತ ಒಂದು ಮೆಟ್ಟಿಲು ಕೆಳಗಿರಬೇಕು ಎಂದು ಆಗ ಹೇಳಿತ್ತು. ವಿಕಾಸ್ ಕುಮಾರ್ ಎಂಬ ಯುಪಿಎಸ್‌ಸಿ ಅಭ್ಯರ್ಥಿಗೆ ಬರೆಯುವಾಗ ಕೈ ಸೆಡೆಯುತ್ತಿತ್ತು, ಆದರೆ ಶೇ 40ರ ಅಂಗವೈಕಲ್ಯದ ಪ್ರಮಾಣಪತ್ರ ಇರಲಿಲ್ಲ. 2021ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಅವರಿಗೂ ಬರಹಗಾರರನ್ನು ಪಡೆಯುವ ಹಕ್ಕಿದೆ ಎಂದಿತು. ತೀರ್ಪು ದೆಹಲಿಯದು, ತೊಡಕು ಸಿಂಧನೂರಿನದು. ಡಿಗ್ರಿ ಪರೀಕ್ಷೆಯ ವಾರದಲ್ಲಿ ಪಿಯುಸಿ ಓದಿದ, ಕನ್ನಡವನ್ನೂ ವಿಷಯದ ಪದಗಳನ್ನೂ ಕೇಳಿ ತಪ್ಪಿಲ್ಲದೆ ಬರೆಯುವ, ಮೂರೂವರೆ ನಾಲ್ಕು ಗಂಟೆ ಕೂರಲು ಒಪ್ಪುವ ಹುಡುಗನನ್ನು ಎಲ್ಲಿಂದ ತರುವುದು? ಪ್ರತಿ ಕಾಲೇಜಿನ ಎನ್ನೆಸ್ಸೆಸ್ ಘಟಕವೂ ಬರೆಯಬಲ್ಲವರ ಒಂದು ಪಟ್ಟಿ ಇಟ್ಟುಕೊಂಡರೆ ಸಾಕು. ಇದಕ್ಕೆ ಅನುದಾನ ಬೇಕಿಲ್ಲ, ಒಂದು ನೋಟ್‌ಬುಕ್ ಬೇಕು.

ಕಣ್ಣು ಕಾಣದವರ ಓದು ಬದಲಾದದ್ದು ದನಿಯಿಂದ. ಎಸ್ಸೆಸ್ಸೆಲ್ಸಿ ದಾಟಿದ ಅಂಧ ವಿದ್ಯಾರ್ಥಿಗಳಿಗೆ ರಾಜ್ಯ ಸರ್ಕಾರ ಮಾತನಾಡುವ ಲ್ಯಾಪ್‌ಟಾಪ್ ಕೊಡುತ್ತದೆ. ಆಸ್ಟ್ರೇಲಿಯಾದ ಇಬ್ಬರು ಅಂಧ ತಂತ್ರಜ್ಞರು 2006ರಲ್ಲಿ ಶುರುಮಾಡಿದ ಎನ್‌ವಿಡಿಎ ತಂತ್ರಾಂಶ ಪುಕ್ಕಟೆ ಸಿಗುತ್ತದೆ, ಕನ್ನಡವನ್ನೂ ಓದುತ್ತದೆ. ಆದರೆ ಯುನಿಕೋಡ್ ಕನ್ನಡವನ್ನು ಮಾತ್ರ. ಮೇಷ್ಟ್ರು ಪ್ರೀತಿಯಿಂದಲೇ ಕಳಿಸಿದ ನೋಟ್ಸ್ ಹಳೆಯ ನುಡಿ ಫಾಂಟಿನಲ್ಲಿದ್ದರೆ ಆ ದನಿ ಅರ್ಥವಿಲ್ಲದ ಅಕ್ಷರಗಳನ್ನು ಒದರುತ್ತದೆ. ಪುಟ ಪರದೆಯ ಮೇಲೆ ಚೆನ್ನಾಗಿಯೇ ಕಾಣುವುದರಿಂದ ಕಣ್ಣಿರುವ ಮೇಷ್ಟ್ರಿಗೆ ತೊಂದರೆ ಏನೆಂದು ತಿಳಿಯುವುದೇ ಇಲ್ಲ. ಯುನಿಕೋಡಿನಲ್ಲಿ ಟೈಪ್ ಮಾಡುವುದು ಒಬ್ಬ ಅಧ್ಯಾಪಕರು ಮಾಡಬಹುದಾದ ಅತ್ಯಂತ ಸಣ್ಣ, ಅತ್ಯಂತ ದೊಡ್ಡ ಉಪಕಾರ.

ಕಿವಿ ಕೇಳದವರ ಸಂಗತಿ ಹೇಳಲು ಮನಸ್ಸು ಭಾರವಾಗುತ್ತದೆ. ಭಾರತೀಯ ಸಂಜ್ಞಾ ಭಾಷೆಗೆ ದೆಹಲಿಯಲ್ಲಿ 2015ರಲ್ಲಿ ಸಂಶೋಧನಾ ಕೇಂದ್ರ ಬಂದಿದೆ, ನಿಘಂಟು ಬಂದಿದೆ. ತಾಲ್ಲೂಕಿನ ಡಿಗ್ರಿ ಕಾಲೇಜಿನ ತರಗತಿಯಲ್ಲಿ ಆ ಭಾಷೆ ಬಲ್ಲ ದುಭಾಷಿ ಸಿಗುವುದು ಅಪರೂಪದಲ್ಲಿ ಅಪರೂಪ. ಗೆಳತಿಯ ನೋಟ್ಸ್ ಕಾಪಿ ಮಾಡಿಕೊಂಡು ಪದವಿ ಮುಗಿಸಿದವರಿದ್ದಾರೆ. ಅವರ ಛಲಕ್ಕೆ ನಾನು ತಲೆಬಾಗುತ್ತೇನೆ. ಆದರೆ ಛಲವನ್ನೇ ವ್ಯವಸ್ಥೆ ಎಂದು ಕರೆಯಲು ಒಪ್ಪಲಾರೆ.

ದೂರ ಮಾತ್ರ ಸ್ವಲ್ಪ ಕಡಿಮೆಯಾಗಿದೆ. ಅಂಗವಿಕಲರ ರಿಯಾಯಿತಿ ಬಸ್ ಪಾಸಿಗೆ ಮನೆಯಿಂದ 100 ಕಿಲೊಮೀಟರಿನ ಗಡಿ. ಗುಲಬರ್ಗಾ ವಿಶ್ವವಿದ್ಯಾಲಯ ಇದ್ದದ್ದು ಆ ಗಡಿಯಾಚೆ. 2021ರಲ್ಲಿ ರಾಯಚೂರಿಗೇ ವಿಶ್ವವಿದ್ಯಾಲಯ ಬಂತು. 2018ರಲ್ಲಿ ಮಸ್ಕಿ ತಾಲ್ಲೂಕಾಗಿ, ಕಚೇರಿಗಳಲ್ಲಿ ಕೆಲವು ಲಿಂಗಸುಗೂರಿನಿಂದ ಇತ್ತ ಸರಿದವು. 2024ರಲ್ಲಿ ಸಿಂಧನೂರಿಗೆ ರೈಲು ಬಂತು.

ಓದಿದ ಮೇಲಿನ ಕೆಲಸ? ಲಿಂಗಸುಗೂರು ತಾಲ್ಲೂಕಿನ ದೊಡ್ಡ ಉದ್ಯೋಗದಾತ ಹಟ್ಟಿ ಚಿನ್ನದ ಗಣಿ, ರಾಜ್ಯ ಸರ್ಕಾರದ್ದೇ ಕಂಪನಿ. ಗಣಿ ಎಂದರೆ ಸುರಂಗವೊಂದೇ ಅಲ್ಲ. ನೆಲದ ಮೇಲೆ ಲೆಕ್ಕಪತ್ರ, ಉಗ್ರಾಣ, ಆಸ್ಪತ್ರೆ, ಪ್ರಯೋಗಾಲಯ ಎಲ್ಲ ಇವೆ. ಯಾವ ಕೆಲಸವನ್ನು ಯಾವ ಅಂಗವಿಕಲರು ಮಾಡಬಲ್ಲರು ಎಂದು ಕೇಂದ್ರ ಸರ್ಕಾರ 2021ರ ಜನವರಿಯಲ್ಲಿ ಹೊರಡಿಸಿದ ಪಟ್ಟಿಯಲ್ಲಿ 3,566 ಹುದ್ದೆಗಳಿವೆ. ‘ಇವರಿಂದ ಏನಾದೀತು’ ಎನ್ನುವವರ ಮುಂದೆ ಆ ಪಟ್ಟಿಯನ್ನು ಬಿಚ್ಚಿಡಬೇಕು. ತಾಂತ್ರಿಕ ಓದಿಗೆ ವರ್ಷಕ್ಕೆ 50,000 ರೂಪಾಯಿಯ ಎಐಸಿಟಿಇ ‘ಸಕ್ಷಮ್’ ವಿದ್ಯಾರ್ಥಿವೇತನವಿದೆ, ಪಿಯುಸಿಯಿಂದ ಸ್ನಾತಕೋತ್ತರದವರೆಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ರಾಷ್ಟ್ರೀಯ ಪೋರ್ಟಲ್‌ನಲ್ಲಿದೆ. ಅರ್ಜಿಯ ಗಡುವು ತಿಳಿಯದೆ ಕಳೆದುಕೊಂಡವರೇ ಜಾಸ್ತಿ.

ಆ ಗಡುವನ್ನು ನೆನಪಿಸುವವರು ಮತ್ತೆ ಅದೇ ವಿಆರ್‌ಡಬ್ಲ್ಯೂಗಳು. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಸುತ್ತೋಲೆ ಹಾಕುತ್ತಾರೆ, ಒಟಿಪಿ ಬಂತೇ ಎಂದು ಫೋನ್ ಮಾಡುತ್ತಾರೆ, ಲಿಂಗಸುಗೂರಿಗೆ ಜೊತೆಗೆ ಬಸ್ ಹತ್ತುತ್ತಾರೆ. ಅವರು ಅರ್ಜಿ ತುಂಬಿಕೊಟ್ಟ ಮಕ್ಕಳಲ್ಲಿ ಕೆಲವರು ಇವತ್ತು ಶಾಲೆಯಲ್ಲಿ, ಬ್ಯಾಂಕಿನಲ್ಲಿ, ತಹಶೀಲ್ದಾರ್ ಕಚೇರಿಯಲ್ಲಿ ತಿಂಗಳಿಗೆ ಪಗಾರ ಎಣಿಸುತ್ತಿದ್ದಾರೆ. ವಿಆರ್‌ಡಬ್ಲ್ಯೂಗಳಿಗೆ ಈಗಲೂ ಬರುವುದು ಗೌರವಧನ. ತಮ್ಮನ್ನು ಕಾಯಂ ಮಾಡಿ ಎಂದು ಅವರು ಬರೆದ ಮನವಿಪತ್ರಗಳು ಸರ್ಕಾರದ ಮುಂದಿವೆ.