ಗೇಜಿನ ಮುಳ್ಳು ಸುಳ್ಳು ಹೇಳಬಾರದು

ನಮ್ಮ ಕಡೆ ಕುಕ್ಕರ್ ಅಂದರೆ ಸೀಟಿ ಲೆಕ್ಕ. ಅನ್ನಕ್ಕೆ ಮೂರು, ಬೇಳೆಗೆ ನಾಲ್ಕು, ಕಡಲೆಗೆ ಆರು. ಒಳಗೆ ಎಷ್ಟು ಒತ್ತಡವಿದೆ, ಎಷ್ಟು ಶಾಖವಿದೆ ಎಂದು ಯಾರೂ ಕೇಳುವುದಿಲ್ಲ. ಒಂದು ಸೀಟಿ ಕಡಿಮೆಯಾದರೆ ಬೇಳೆ ಬೇಯುವುದಿಲ್ಲ, ಅಷ್ಟೇ. ಆದರೆ ತರಕಾರಿಯನ್ನು ಗಾಜಿನ ಬಾಟಲಿಯಲ್ಲಿ ಮುಚ್ಚಿ, ಫ್ರಿಜ್ ಇಲ್ಲದೆ ತಿಂಗಳುಗಟ್ಟಲೆ ಇಡಲು ಹೊರಟರೆ ಈ ಲೆಕ್ಕ ಸಾಲದು. ಅಲ್ಲಿ ಕಡಿಮೆ ಬಿದ್ದ ಎರಡು ಪೌಂಡ್ ಒತ್ತಡ ಜೀವಕ್ಕೇ ಕುತ್ತು ತರಬಹುದು.

ದಾವಣಗೆರೆಯ ನಮ್ಮ ಮನೆಗೆ ಈ ವಿಷಯ ತಂದವಳು ಅಕ್ಕ. ಊರಿನ ತುಂಬ ಕಾಲೇಜುಗಳು, ಪಿ.ಜಿ.ಗಳು. ಬೆಣ್ಣೆದೋಸೆ, ಮಂಡಕ್ಕಿ–ಮಿರ್ಚಿಯಲ್ಲೇ ದಿನ ದೂಡುವ ಹುಡುಗರಿಗೆ ಮನೆಯ ಬೀನ್ಸ್ ಪಲ್ಯವನ್ನು ಬಾಟಲಿಯಲ್ಲಿ ಕೊಟ್ಟರೆ ಹೇಗೆ ಎಂಬುದು ಅವಳ ಯೋಚನೆ. ಅಮೆರಿಕದಲ್ಲಿರುವ ಚಿಕ್ಕಮ್ಮ ತಾನು ಬಳಸುತ್ತಿದ್ದ ಹಳೆಯ ಪ್ರೆಷರ್ ಕ್ಯಾನರ್ ತಂದುಕೊಟ್ಟಿದ್ದರು. ಕುಕ್ಕರಿನ ದೊಡ್ಡಣ್ಣನಂಥ ಪಾತ್ರೆ, ಮುಚ್ಚಳದ ಮೇಲೊಂದು ಗೇಜ್. ಡಿಪ್ಲೊಮಾ ಮುಗಿಸಿ ಕೆಲಸ ಹುಡುಕುತ್ತಿದ್ದ ನನಗೆ ಅಕ್ಕ ಹೇಳಿದಳು: ‘ಮೆಕ್ಯಾನಿಕಲ್ ಓದೀಯಲ್ಲ, ಈ ಗಡಿಯಾರ ಸರಿ ಐತೇನು ನೋಡಪ್ಪ.’

ನೋಡಲು ಕುಳಿತಾಗ ಮೊದಲು ಎದುರಾದದ್ದು ಜೀವಶಾಸ್ತ್ರ. ಕ್ಲಾಸ್ಟ್ರಿಡಿಯಂ ಬೊಟುಲಿನಂ ಎಂಬ ಬ್ಯಾಕ್ಟೀರಿಯಾ ಮಣ್ಣಿನಲ್ಲೇ ಇರುತ್ತದೆ. ಅದರ ಸ್ಪೋರ್ ಎಂಬ ಗಟ್ಟಿ ಕವಚದ ರೂಪ ಗಂಟೆಗಟ್ಟಲೆ ಕುದಿಸಿದರೂ ಬದುಕಬಲ್ಲದು. ಗಾಳಿಯಿಲ್ಲದ, ಹುಳಿಯಿಲ್ಲದ, ತೇವವಿರುವ ಜಾಗ ಸಿಕ್ಕರೆ ಅದು ಮೊಳೆತು ವಿಷ ಉಗುಳುತ್ತದೆ. ಬಿಗಿಯಾಗಿ ಮುಚ್ಚಿದ ಬೀನ್ಸ್ ಬಾಟಲಿ ಅದಕ್ಕೆ ಹೇಳಿ ಮಾಡಿಸಿದ ಮನೆ. ಆ ವಿಷಕ್ಕೆ ವಾಸನೆ, ರುಚಿ ಇರಲೇಬೇಕೆಂದಿಲ್ಲ. ತಿಂದವರಿಗೆ ಸಾಮಾನ್ಯವಾಗಿ 12ರಿಂದ 36 ಗಂಟೆಗಳಲ್ಲಿ ಕಣ್ಣು ಮಂಜಾಗುತ್ತದೆ, ರೆಪ್ಪೆ ಜೋಲುತ್ತದೆ, ಮಾತು ತೊದಲುತ್ತದೆ, ನುಂಗಲು ಕಷ್ಟವಾಗುತ್ತದೆ. ಕೊನೆಗೆ ಉಸಿರಾಟದ ಸ್ನಾಯುಗಳೇ ಸೋಲುತ್ತವೆ.

ಹಾಗಾದರೆ ಅಜ್ಜಿಯ ಉಪ್ಪಿನಕಾಯಿ ವರ್ಷಗಟ್ಟಲೆ ಕೆಡುವುದಿಲ್ಲವಲ್ಲ? ಅಲ್ಲಿ ಕಾಯುವುದು ಹುಳಿ ಮತ್ತು ಉಪ್ಪು. ಆಹಾರದ ಪಿಎಚ್ 4.6 ಅಥವಾ ಅದಕ್ಕಿಂತ ಕೆಳಗಿದ್ದರೆ ಈ ಬ್ಯಾಕ್ಟೀರಿಯಾ ಬೆಳೆಯದು. ಸಂಡಿಗೆ, ಬಾಳಕದ ಮೆಣಸಿನಕಾಯಿಯಲ್ಲಿ ತೇವವೇ ಇಲ್ಲ. ಬೀನ್ಸ್, ಬಟಾಣಿ, ಕ್ಯಾರೆಟ್, ಮೆಕ್ಕೆಜೋಳಕ್ಕೆ ಈ ಎರಡೂ ರಕ್ಷಣೆ ಇಲ್ಲ. ಟೊಮೆಟೊ ಗಡಿಯ ಮೇಲಿದೆ, ಅದಕ್ಕೂ ನಿಂಬೆರಸ ಸೇರಿಸಬೇಕು. ಹುಳಿಯಿಲ್ಲದ ತರಕಾರಿಗೆ ಒತ್ತಡದ ಆವಿಯೊಂದೇ ಸುರಕ್ಷಿತ ದಾರಿ ಎಂದು ಅಮೆರಿಕದ ಕೃಷಿ ಇಲಾಖೆ 1917ರಲ್ಲೇ ಹೇಳಿತ್ತು. ಒತ್ತಡ ಹೆಚ್ಚಿದಂತೆ ನೀರು ಕುದಿಯುವ ಶಾಖವೂ ಏರುತ್ತದೆ. ಸಮುದ್ರಮಟ್ಟದಲ್ಲಿ 10 ಪೌಂಡ್ ಒತ್ತಡಕ್ಕೆ ಸುಮಾರು 115 ಡಿಗ್ರಿ, 15 ಪೌಂಡ್‌ಗೆ 121 ಡಿಗ್ರಿ ಸೆಲ್ಸಿಯಸ್.

ಇಲ್ಲಿ ನಮ್ಮೂರಿನ ಎತ್ತರವೂ ಲೆಕ್ಕಕ್ಕೆ ಬರುತ್ತದೆ. ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಮೇಲಿದೆ. ಇಲ್ಲಿ ತೆರೆದ ಪಾತ್ರೆಯಲ್ಲಿ ನೀರು 98 ಡಿಗ್ರಿಗೇ ಕುದಿಯುತ್ತದೆ. ಮುಳ್ಳಿನ ಗೇಜ್ ಇರುವ ಕ್ಯಾನರ್‌ಗೆ 2,000 ಅಡಿವರೆಗೆ 11 ಪೌಂಡ್, ಅದರ ಮೇಲೆ 12 ಪೌಂಡ್ ಎಂಬುದು ಅಮೆರಿಕದ ಪಟ್ಟಿ. ನಾವಿರುವುದು ಸರಿಯಾಗಿ ಆ ಗಡಿಯ ಅಂಚಿನಲ್ಲಿ. ಹಾಗಾಗಿ 12 ಇಟ್ಟುಕೊಳ್ಳುವುದೇ ಜಾಣತನ. ಆದರೆ ಮುಳ್ಳು 12 ತೋರಿಸಿದಾಗ ಒಳಗೆ ನಿಜಕ್ಕೂ 12 ಇದೆಯೇ?

ಗೇಜಿನೊಳಗಿನ ಗುಟ್ಟು ಸರಳ. 1849ರಲ್ಲಿ ಫ್ರಾನ್ಸಿನ ಯೂಜೀನ್ ಬೂರ್ಡನ್ ಪೇಟೆಂಟ್ ಪಡೆದ ಬಾಗಿದ ಕೊಳವೆ ಅದು. ಒತ್ತಡ ಒಳಹೊಕ್ಕಾಗ ಕೊಳವೆ ನೆಟ್ಟಗಾಗಲು ನೋಡುತ್ತದೆ, ಆ ಚಲನೆ ಹಲ್ಲುಚಕ್ರದ ಮೂಲಕ ಮುಳ್ಳನ್ನು ತಿರುಗಿಸುತ್ತದೆ. ವರ್ಷಗಳು ಕಳೆದಂತೆ ಲೋಹ ದಣಿಯುತ್ತದೆ, ಕೆಳಗೆ ಬಿದ್ದರೆ ಸೂಕ್ಷ್ಮ ಭಾಗಗಳು ಅಲುಗುತ್ತವೆ. ಅದಕ್ಕೇ ವರ್ಷಕ್ಕೊಮ್ಮೆ ಪರೀಕ್ಷಿಸಬೇಕು. ಎರಡು ಪೌಂಡ್‌ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಗೇಜನ್ನೇ ಬದಲಿಸಬೇಕು. ಪ್ರೆಷರ್ ಗೇಜ್ ಕ್ಯಾಲಿಬ್ರೇಷನ್ ಮೆಕ್ಯಾನಿಕಲ್ ವಿದ್ಯಾರ್ಥಿಗಳಿಗೆ ಹೊಸದಲ್ಲ. ಲ್ಯಾಬ್‌ನಲ್ಲಿ ಮಾಡಿ, ರೆಕಾರ್ಡ್‌ನಲ್ಲಿ ಗ್ರಾಫ್ ಎಳೆದು ಮುಗಿಸುವ ಪ್ರಯೋಗ. ಅದಕ್ಕೂ ಅಡುಗೆಮನೆಗೂ ಸಂಬಂಧ ಇದೆಯೆಂದು ನನಗೆ ತಿಳಿದದ್ದು ಆಗ.

ಗೇಜ್ ಬಿಚ್ಚಿಕೊಂಡು ಹರಿಹರದ ಬಸ್ ಹತ್ತಿದೆ. ಮೈಸೂರು ಕಿರ್ಲೋಸ್ಕರ್ ಲೇತ್‌ಗಳಿಗೆ ಹೆಸರಾಗಿದ್ದ ಊರದು. ಆ ಕಾರ್ಖಾನೆ ಮುಚ್ಚಿ ಎರಡು ದಶಕ ದಾಟಿದರೂ ಅಳತೆ ಗೊತ್ತಿರುವ ಕೈಗಳು ಊರಿನಲ್ಲಿ ಇನ್ನೂ ಇವೆ. ಪರಿಚಯದ ವರ್ಕ್‌ಶಾಪ್‌ನ ಹಿರಿಯರೊಬ್ಬರು ನಮ್ಮ ಗೇಜನ್ನು ಡೆಡ್ ವೇಟ್ ಟೆಸ್ಟರ್‌ಗೆ ಜೋಡಿಸಿದರು. ಗೊತ್ತಿರುವ ವಿಸ್ತೀರ್ಣದ ಪಿಸ್ಟನ್ ಮೇಲೆ ಗೊತ್ತಿರುವ ತೂಕ ಇಟ್ಟರೆ ಒತ್ತಡ ಎಷ್ಟೆಂದು ಲೆಕ್ಕವೇ ಹೇಳುತ್ತದೆ. 10 ಪೌಂಡ್ ಕೊಟ್ಟಾಗ ನಮ್ಮ ಮುಳ್ಳು ಹನ್ನೆರಡೂವರೆಯಲ್ಲಿ ನಿಂತಿತು. ‘ಕಡಿಮೆ ತೋರ್ಸಿದ್ರೆ ಗ್ಯಾಸ್ ದಂಡ ತಮ್ಮಾ, ಜಾಸ್ತಿ ತೋರ್ಸಿದ್ರೆ ಮನುಷ್ಯನೇ ದಂಡ’ ಎಂದರು ಅವರು.

ವಾಪಸ್ ಬರುವಾಗ ಬಸ್ಸಿನಲ್ಲೇ ಲೆಕ್ಕ ಹಾಕಿದೆ. ಮುಳ್ಳು 12 ಎಂದಾಗ ಒಳಗಿರುವುದು ಒಂಬತ್ತೂವರೆ. ಶಾಖದಲ್ಲಿ ಸುಮಾರು ಮೂರು ಡಿಗ್ರಿ ನಷ್ಟ. ಈ ಸ್ಪೋರ್‌ಗಳ ವಿಷಯದಲ್ಲಿ 10 ಡಿಗ್ರಿ ಇಳಿದರೆ ಕೊಲ್ಲಲು ಹತ್ತು ಪಟ್ಟು ಸಮಯ ಬೇಕು. ಮೂರು ಡಿಗ್ರಿಗೆ ಎರಡು ಪಟ್ಟು. ಅಂದರೆ ಅರ್ಧ ಲೀಟರ್ ಬಾಟಲಿಯ ಬೀನ್ಸ್‌ಗೆ ನಾವು ಕೊಡುವ 20 ನಿಮಿಷ ನಿಜದಲ್ಲಿ 10 ನಿಮಿಷದಷ್ಟೇ ಕೆಲಸ ಮಾಡುತ್ತಿತ್ತು.

ಅಕ್ಕನಿಗೆ ಇನ್ನೊಂದು ಕಹಿ ಸುದ್ದಿಯನ್ನೂ ಹೇಳಬೇಕಾಯಿತು. ಆ 20 ನಿಮಿಷ ನೀರಿನಲ್ಲಿ ತುಂಬಿದ ಬರೀ ಬೀನ್ಸ್‌ಗೆ ಪರೀಕ್ಷಿಸಿ ಕೊಟ್ಟ ಸಮಯ. ಎಣ್ಣೆ, ಕಾಯಿತುರಿ, ಒಗ್ಗರಣೆ ಸೇರಿದರೆ ಶಾಖ ಒಳಗಿಳಿಯುವ ರೀತಿಯೇ ಬದಲಾಗುತ್ತದೆ. ನಮ್ಮ ಪಲ್ಯಕ್ಕೆ ಆ ಪಟ್ಟಿಯಲ್ಲಿ ಸಮಯವೇ ಇಲ್ಲ. ಅಂದಾಜಿನ ಮೇಲೆ ಪಿ.ಜಿ. ಹುಡುಗರಿಗೆ ಮಾರುವುದು ಹೇಗೆ? ಅವಳು ಎರಡು ದಿನ ಮಾತು ಬಿಟ್ಟಳು. ಮೂರನೇ ದಿನ ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಉಪ್ಪಿನಕಾಯಿಯ ಪಟ್ಟಿ ಮಾಡಿ, ಎಫ್‌ಎಸ್‌ಎಸ್‌ಎಐ ನೋಂದಣಿಗೆ ಯಾವ ಕಾಗದ ಬೇಕು ಎಂದು ಕೇಳಿದಳು. ಪಲ್ಯವನ್ನೇ ಮಾರುವ ಆಸೆ ಉಳಿದರೆ, ಮೊದಲು ಮೈಸೂರಿನ ಸಿಎಫ್‌ಟಿಆರ್‌ಐನಂಥ ಸಂಸ್ಥೆಯ ತಜ್ಞರನ್ನು ಕೇಳುವುದೆಂದು ತೀರ್ಮಾನಿಸಿದ್ದೇವೆ.

ಮನೆ ಮಟ್ಟಿಗೆ ಕ್ಯಾನರ್ ಬಿಟ್ಟಿಲ್ಲ. ಕೆಟ್ಟ ಗೇಜ್ ತೆಗೆಸಿ ಹೊಸದು ಹಾಕಿಸಿದೆವು, ಜೊತೆಗೆ 15 ಪೌಂಡ್‌ನ ತೂಕವನ್ನೂ ತರಿಸಿದೆವು. 1,000 ಅಡಿ ಮೇಲಿನ ಊರಿಗೆ ತೂಕದ ಲೆಕ್ಕ 15. ತೂಕಕ್ಕೆ ಮುಳ್ಳಿನಂತೆ ವರ್ಷ ವರ್ಷ ಪರೀಕ್ಷೆ ಬೇಡ. ಮಾಡುವವರು ಗಮನಿಸಬೇಕಾದ್ದು ಇಷ್ಟು: ಬಾಟಲಿಯಲ್ಲಿ ಮೇಲೆ ಒಂದು ಇಂಚು ಜಾಗ ಬಿಡಿ. ತೂಕ ಇಡುವ ಮೊದಲು 10 ನಿಮಿಷ ಆವಿ ಹೊರಬಿಟ್ಟು ಒಳಗಿನ ಗಾಳಿ ತೆಗೆಯಿರಿ. ಒತ್ತಡ ಮುಟ್ಟಿದ ಮೇಲಷ್ಟೇ ಗಡಿಯಾರ ನೋಡಿ. ನಡುವೆ ಒತ್ತಡ ಇಳಿದರೆ ಮತ್ತೆ ಏರಿಸಿ, ಸೊನ್ನೆಯಿಂದ ಎಣಿಸಿ. ತಣ್ಣೀರು ಸುರಿಯದೆ ತಾನಾಗಿ ಆರಲು ಬಿಡಿ. ಮುಚ್ಚಳ ಉಬ್ಬಿದ, ಸೋರುವ ಬಾಟಲಿಯನ್ನು ರುಚಿ ನೋಡಲೂ ಹೋಗಬೇಡಿ. ಮನೆಯ ಸಾಮಾನ್ಯ ಕುಕ್ಕರ್‌ನಲ್ಲಿ ಈ ಕೆಲಸ ಬೇಡ: ಅದು ಬೇಗ ಕಾದು ಬೇಗ ಆರುತ್ತದೆ, ಅದಕ್ಕೆ ಈ ಸಮಯಗಳು ಹೊಂದುವುದಿಲ್ಲ.

ನನ್ನಂತೆ ಕೆಲಸ ಹುಡುಕುವವರಿಗೆ ಒಂದು ಮಾತು. ಆಸ್ಪತ್ರೆಯ ಆಟೊಕ್ಲೇವ್, ಕಾರ್ಖಾನೆಯ ಬಾಯ್ಲರ್, ಪಂಕ್ಚರ್ ಅಂಗಡಿಯ ಏರ್ ಕಂಪ್ರೆಸರ್, ಎಲ್ಲಕ್ಕೂ ಗೇಜ್ ಇದೆ, ಎಲ್ಲ ಗೇಜಿಗೂ ವಯಸ್ಸಾಗುತ್ತದೆ. ಅವನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡಲೆಂದೇ ಎನ್‌ಎಬಿಎಲ್ ಮಾನ್ಯತೆಯ ಪ್ರಯೋಗಾಲಯಗಳಿವೆ. ನನ್ನ ಅರ್ಜಿಗಳ ಪಟ್ಟಿಗೆ ಈಗ ಅವುಗಳ ಹೆಸರೂ ಸೇರಿದೆ. ಹರಿಹರದ ಆ ಹಿರಿಯರು ವಾರಕ್ಕೆರಡು ದಿನ ಬಂದು ಕಲಿ ಎಂದಿದ್ದಾರೆ, ಹೋಗುತ್ತಿದ್ದೇನೆ.