ಇಂಜೆಕ್ಷನ್ ಕೊಟ್ಟದ್ದು ಎಷ್ಟು ಹೊತ್ತಿಗೆ?

ರಾತ್ರಿ ಎರಡೂವರೆ. ಎಪ್ಪತ್ತರ ಹಿರಿಯರೊಬ್ಬರನ್ನು ಕೂರಿಸಿಕೊಂಡೇ ಕ್ಯಾಶುವಾಲ್ಟಿಗೆ ತರುತ್ತಾರೆ. ಮಲಗಿಸಿದರೆ ಉಸಿರು ಕಟ್ಟುತ್ತದೆ. ಕಾಲು ಊದಿದೆ, ಕೆಮ್ಮಿದರೆ ನೊರೆ. ಹೃದಯ ನಿಂತಿಲ್ಲ. ರಕ್ತವನ್ನು ಮುಂದಕ್ಕೆ ತಳ್ಳಲಾರದೆ ಸೋಲುತ್ತಿದೆ, ಶ್ವಾಸಕೋಶದಲ್ಲಿ ನೀರು ತುಂಬುತ್ತಿದೆ. ಇದೇ ತೀವ್ರ ಹೃದಯ ವೈಫಲ್ಯ. ಆಕ್ಸಿಜನ್ ಹಾಕಿ, ಮೂತ್ರದ ಮೂಲಕ ನೀರಿಳಿಸುವ ಲ್ಯಾಸಿಕ್ಸ್ ಇಂಜೆಕ್ಷನ್ ಕೊಟ್ಟು, ಇಸಿಜಿ ತೆಗೆದು, ರೋಗಿ ಸ್ವಲ್ಪ ಸುಧಾರಿಸಿಕೊಂಡ ಮೇಲೆ ಕೇಸ್ ಶೀಟ್ ಬರೆಯಲು ಕೈಗೆ ಬಿಡುವು. ಇಂಜೆಕ್ಷನ್ ಕೊಟ್ಟ ಹೊತ್ತು? ನೆನಪಿನ ಮೇಲೆ ‘3 ಗಂಟೆ’ ಎಂದು ಬೀಳುತ್ತದೆ.

ಈ ಅಂದಾಜೇ ಮುಂದೆ ಸಂಶೋಧನಾ ಲೇಖನದ ಕೋಷ್ಟಕ ಸೇರಿದರೆ ತೊಂದರೆ ದೊಡ್ಡದು. ಜಪಾನಿನ ರಿಯಾಲಿಟಿ-ಎಎಚ್‌ಎಫ್ ಅಧ್ಯಯನ 2017ರಲ್ಲಿ 1,291 ರೋಗಿಗಳ ಲೆಕ್ಕ ಕೊಟ್ಟಿತು. ಆಸ್ಪತ್ರೆಗೆ ಬಂದ ಒಂದು ಗಂಟೆಯೊಳಗೆ ಲ್ಯಾಸಿಕ್ಸ್ ಸಿಕ್ಕವರಲ್ಲಿ ಆಸ್ಪತ್ರೆಯಲ್ಲೇ ತೀರಿಕೊಂಡವರು ಶೇ 2.3, ತಡವಾಗಿ ಸಿಕ್ಕವರಲ್ಲಿ ಶೇ 6. ಮರುವರ್ಷ ಬಂದ ಕೊರಿಯಾದ ಅಧ್ಯಯನದಲ್ಲಿ ಇಂಥ ವ್ಯತ್ಯಾಸ ಕಾಣಲಿಲ್ಲ. ಯಾವುದನ್ನು ನಂಬುವುದು? ಜಪಾನಿನವರು ಒಂದು ಮಾತು ಬಿಚ್ಚಿ ಹೇಳಿದ್ದಾರೆ: ಬೇಗ ಔಷಧ ಸಿಕ್ಕವರಲ್ಲಿ ಆಂಬುಲೆನ್ಸಿನಲ್ಲಿ ಬಂದವರು, ನೀರು ತುಂಬಿದ ಲಕ್ಷಣ ಎದ್ದು ಕಾಣುತ್ತಿದ್ದವರು ಹೆಚ್ಚು. ಅಂದರೆ ಎರಡು ಗುಂಪಿನ ರೋಗಿಗಳು ಒಂದೇ ಬಗೆಯವರಲ್ಲ. ಆ ವಿವರ ಬರೆಯದಿದ್ದರೆ ಶ್ರೇಯಸ್ಸೆಲ್ಲ ಗಡಿಯಾರಕ್ಕೆ ಹೋಗುತ್ತಿತ್ತು.

ಹೊಸ ಔಷಧಗಳ ಪರೀಕ್ಷೆಯಲ್ಲೂ ಇದೇ ಪ್ರಶ್ನೆ. ನೆಸಿರಿಟೈಡ್ ಔಷಧವನ್ನು 7,141 ರೋಗಿಗಳಲ್ಲಿ ಪರೀಕ್ಷಿಸಿದ ಅಸೆಂಡ್-ಎಚ್‌ಎಫ್ ಪ್ರಯೋಗಕ್ಕೆ, ರಕ್ತನಾಳದ ಮೂಲಕ ಮೊದಲ ಚಿಕಿತ್ಸೆ ಸಿಕ್ಕ 24 ಗಂಟೆಯೊಳಗೆ ರೋಗಿಯನ್ನು ಸೇರಿಸಿಕೊಳ್ಳಬಹುದಿತ್ತು. ಅಷ್ಟರಲ್ಲಿ ಲ್ಯಾಸಿಕ್ಸ್ ಕೆಲಸ ಮಾಡಿ ಎಷ್ಟೋ ಜನರ ಏದುಸಿರು ಇಳಿದಿರುತ್ತದೆ. ಅಂಥ ಫಲಿತಾಂಶವನ್ನು ಕ್ಯಾಶುವಾಲ್ಟಿಯ ಮೊದಲ ಗಂಟೆಗೆ ಹಾಗೇ ಅನ್ವಯಿಸಲಾಗದು.

ಪ್ರಯೋಗಗಳ ವರದಿಗೆ 1996ರಿಂದ ಕನ್ಸಾರ್ಟ್, ವೀಕ್ಷಣಾ ಅಧ್ಯಯನಗಳಿಗೆ 2007ರಿಂದ ಸ್ಟ್ರೋಬ್ ಎಂಬ ಮಾರ್ಗಸೂಚಿಗಳಿವೆ. ಒಳ್ಳೆಯವೇ, ಆದರೆ ಈ ಕಾಯಿಲೆಯ ಸೂಕ್ಷ್ಮ ಅವುಗಳಲ್ಲಿಲ್ಲ. ನನ್ನ ಮಟ್ಟಿಗೆ, ವರದಿಯಲ್ಲಿ ಮೂರು ಹೊತ್ತುಗಳು ಬೇರೆಬೇರೆಯಾಗಿ ಇರಲೇಬೇಕು: ಉಸಿರಾಟದ ತೊಂದರೆ ಶುರುವಾದದ್ದು, ಬಾಗಿಲಿಗೆ ಬಂದದ್ದು, ಔಷಧ ಒಳಹೋದದ್ದು. ದಾರಿಯಲ್ಲಿ ಏನು ಕೊಟ್ಟರು ಎಂಬುದೂ ಬೇಕು. ದಮ್ಮು, ನ್ಯುಮೋನಿಯಾ ಅಲ್ಲ ಎಂದು ತೀರ್ಮಾನಿಸಿದ್ದು ಯಾರು, ಎಕ್ಸ್‌ರೇಯಿಂದಲೋ ಬಿಎನ್‌ಪಿ ರಕ್ತಪರೀಕ್ಷೆಯಿಂದಲೋ? ಇನ್ನು ‘ಉಸಿರಾಟ ಸುಧಾರಿಸಿತು’ ಎಂಬ ಮಾತು. ಕೂತಾಗ ಕೇಳಿದರೋ ಮಲಗಿದಾಗಲೋ, ಆಕ್ಸಿಜನ್ ಇದ್ದಾಗಲೋ ತೆಗೆದಾಗಲೋ? ಭಂಗಿ ಬದಲಾದರೆ ಅದೇ ರೋಗಿಯ ಉತ್ತರವೂ ಬದಲಾಗುತ್ತದೆ.

ನಮ್ಮ ವೈದ್ಯಕೀಯ ಕಾಲೇಜುಗಳ ಕ್ಯಾಶುವಾಲ್ಟಿಗಳಲ್ಲಿ ಪಿಜಿ ಪ್ರಬಂಧಕ್ಕೆ ಮಾಹಿತಿ ಕೂಡಿಸುವವರಲ್ಲಿ ಒಂದು ವಿನಂತಿ: ಸಿರಿಂಜ್ ಕೆಳಗಿಟ್ಟ ಕೂಡಲೇ ಗಡಿಯಾರ ನೋಡಿ, 2.47 ಆಗಿದ್ದರೆ 2.47 ಎಂದೇ ಬರೆಯಿರಿ.